ಗಾಲಿ ಕಾಲೋನಿಯ ಒಂದು ಓಟು

ಕಾಲೋನಿಯಲ್ಲಿ ಈಗ ಎಲ್ಲರೂ ಅವನನ್ನು ಕರೆಯುವುದು ‘ಒಂದೋಟು’ ಎಂದು. ಚಿಕ್ಕ ಮಕ್ಕಳು ‘ಒಂದೋಟಜ್ಜ’ ಎನ್ನುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿದವರು ‘ಒಂದೋಟು ಸಾರ್’ ಎನ್ನುತ್ತಾರೆ. ಹೆಸರಿನಲ್ಲಿ ಗೌರವವೇ ಇದೆ, ಗೇಲಿಯಿಲ್ಲ. ಆದರೂ ಯಾರಾದರೂ ಹಾಗೆ ಕೂಗಿದರೆ ಅವನು ಕೂಡಲೇ ತಿರುಗುವುದಿಲ್ಲ. ಹಿಂದೆ ಬೇರೆ ಯಾರೋ ಇರಬಹುದು ಎಂಬಂತೆ ಒಂದು ಗಳಿಗೆ ಕಾಯುತ್ತಾನೆ.

ಮೊದಲು ಅವನಿಗಿದ್ದದ್ದು ‘ಕಿವಿ ಮೇಸ್ತ್ರಿ’ ಎಂಬ ಹೆಸರು. ಅದು ದುಡಿದು ಸಂಪಾದಿಸಿದ್ದು. ರೈಲ್ವೆ ವರ್ಕ್‌ಶಾಪಿನಲ್ಲಿ ಅವನದು ಗಾಲಿ ಪರೀಕ್ಷೆಯ ಕೆಲಸ. ಉದ್ದ ಹಿಡಿಕೆಯ ಸುತ್ತಿಗೆ ಹಿಡಿದು, ಸಾಲಾಗಿ ನಿಂತ ಬೋಗಿಗಳ ಮಗ್ಗುಲಲ್ಲಿ ನಡೆಯುತ್ತ, ಒಂದೊಂದು ಗಾಲಿಗೂ ಬಡಿಯಬೇಕು. ಗಟ್ಟಿ ಗಾಲಿಯಾದರೆ ಠಣ್ಣೆಂದು ಉದ್ದಕ್ಕೆ ದನಿ ಎಳೆಯುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೆ ಠಪ್ಪೆಂದು ಅಲ್ಲೇ ಸಾಯುತ್ತದೆ. ಬಿರುಕು ಹುಡುಕುವ ಯಂತ್ರ ಬಂದು ಹತ್ತು ವರ್ಷವಾಗಿತ್ತು. ಆದರೂ ಯಂತ್ರದ ಮಾತನ್ನು ಮೇಸ್ತ್ರಿಯ ಕಿವಿ ಒಪ್ಪಿದ ಮೇಲೆಯೇ ಗಾಡಿ ಬಿಡುತ್ತಿದ್ದರು. ಒಂದು ಗಾಲಿಗೆ ಎರಡು ಸಲ ಬಡಿಯಬೇಕು ಎನ್ನುವುದು ಆ ಕೆಲಸದ ಕಟ್ಟಳೆ. ಮೊದಲ ಏಟಿಗೆ ಕಬ್ಬಿಣ ಬೇಕಾದರೆ ಸುಳ್ಳು ಹೇಳೀತು, ಎರಡನೆಯದಕ್ಕೆ ಹೇಳುವುದಿಲ್ಲ ಎಂದು ಅವನಿಗೆ ಕೆಲಸ ಕಲಿಸಿದ ಹಿರಿಯ ಹೇಳಿಕೊಟ್ಟಿದ್ದ. ಮೇಸ್ತ್ರಿ ಮೂವತ್ತೈದು ವರ್ಷ ಅದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದ.

ಅವನ ಹೆಂಡತಿಗೆ ಕಾಲೋನಿಯಲ್ಲಿ ಟೈಲರಕ್ಕ ಎಂದು ಹೆಸರು. ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಮಷಿನ್. ಅವಳು ಹೊಲಿದ ಅಂಗಿ ತೊಡದ ಮಗು ಆ ಸಾಲಿನಲ್ಲಿ ಇರಲಿಲ್ಲ. ಇವರಿಗೆ ಮಾತ್ರ ಮಕ್ಕಳಾಗಲಿಲ್ಲ. ಎರಡು ವರ್ಷದಿಂದ ಅವಳ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಎರಡು ದಿನ, ಬೆಳಗಿನ ಏಳೂವರೆಯ ಗಾಡಿ ಹತ್ತಿ, ಸೇತುವೆ ದಾಟಿ, ಆಚೆ ದಡದ ರೈಲ್ವೆ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಗಾಡಿಗೆ ಪಾಸ್ ಇತ್ತು, ಆಸ್ಪತ್ರೆಗೆ ನೀಲಿ ರಟ್ಟಿನ ಪುಸ್ತಕ ಇತ್ತು. ಎರಡೂ ಪುಕ್ಕಟೆ, ಎರಡೂ ರಾಜಧಾನಿಯ ಸರ್ಕಾರದ್ದು. ಹೊಳೆಯ ಈಚೆ ಆ ಯಂತ್ರವಿದ್ದದ್ದು ಒಂದೇ ಖಾಸಗಿ ಆಸ್ಪತ್ರೆಯಲ್ಲಿ. ಅದರ ಬಾಗಿಲು ಮೇಸ್ತ್ರಿಯಂಥವರಿಗೆ ತೆರೆಯುವಂಥದ್ದಲ್ಲ.

ಆ ವರ್ಷ ಹೊಳೆಯ ಈಚೆಗಿನ ನಾಡು ರಾಜಧಾನಿಯಿಂದ ಬೇರೆಯಾಗಿ ತನ್ನದೇ ದೇಶವಾಗಬೇಕೋ ಬೇಡವೋ ಎಂದು ಜನರ ಓಟು ಕೇಳಿದರು. ಮೂರು ತಿಂಗಳು ಊರಿಗೆ ಊರೇ ಕಾವಲಿಯ ಮೇಲೆ ಕೂತಂತಿತ್ತು. ‘ಬೇರೆ’ ಎನ್ನುವವರದೊಂದು ಕಡೆ, ರಾಜಧಾನಿಯ ‘ಜೊತೆ’ ಎನ್ನುವವರದು ಇನ್ನೊಂದು. ಪೇಟೆಯವರೆಲ್ಲ ‘ಬೇರೆ’ ಕಡೆ. ಭಾಷಣದಲ್ಲಿ ತಾಯ್ನೆಲ, ನುಡಿ, ಮಾನ ಎಂದೆಲ್ಲ ಬರುತ್ತಿತ್ತು, ಕೇಳಿದವರ ಕಣ್ಣಲ್ಲಿ ನೀರೂ ಬರುತ್ತಿತ್ತು. ಅದೇನು ನಾಟಕವಲ್ಲ. ಆದರೆ ಮೈಕಿನ ಖರ್ಚು ನೋಡಿಕೊಂಡವನು ಕಲ್ಲುಕ್ವಾರಿಯ ಸಾಹುಕಾರ. ನಾಡು ಬೇರೆಯಾದರೆ ಅವನು ತೆಗೆದ ಕಲ್ಲಿನ ಮೇಲೆ ರಾಜಧಾನಿಗೆ ತೆರಿಗೆ ಕಟ್ಟಬೇಕಿರಲಿಲ್ಲ. ವಕೀಲರಿಗೆ ಹೊಸ ಹೈಕೋರ್ಟು ಕಾಣುತ್ತಿತ್ತು, ಅಂಗಡಿಯವರಿಗೆ ರಾಜಧಾನಿಯವರು ಸೇತುವೆಯಲ್ಲಿ ಹಾಕಿದ್ದ ಸುಂಕದ ಗೇಟು ಎದ್ದುಹೋದದ್ದು ಕಾಣುತ್ತಿತ್ತು. ಎಲ್ಲರ ನಾಡಪ್ರೇಮಕ್ಕೂ ಒಂದು ಹಿಂಬಾಗಿಲಿತ್ತು, ಅದು ತೆರೆದುಕೊಳ್ಳುತ್ತಿದ್ದದ್ದು ಅವರವರ ಮನೆಯ ಅಂಗಳಕ್ಕೆ.

ಗಾಲಿ ಕಾಲೋನಿಯ ಗತಿ ಬೇರೆ. ವರ್ಕ್‌ಶಾಪು ರಾಜಧಾನಿಯದ್ದು. ನಾಡು ಬೇರೆಯಾದರೆ ವರ್ಕ್‌ಶಾಪು ಸೇತುವೆಯಾಚೆಗೆ ಹೋಗುತ್ತದೆ, ಕ್ವಾರ್ಟರ್ಸು, ಪಾಸು, ಆಸ್ಪತ್ರೆ ಯಾವುದಕ್ಕೂ ಗ್ಯಾರಂಟಿಯಿಲ್ಲ ಎಂದು ಒಂದು ಸುತ್ತೋಲೆ ನೋಟೀಸ್ ಬೋರ್ಡಿಗೆ ಬಂತು. ಎಲ್ಲರೂ ಓದಿದರು, ಯಾರೂ ಓದಿದೆನೆಂದು ಹೇಳಲಿಲ್ಲ. ಎಲ್ಲರ ಎದೆಯ ಮೇಲೂ ‘ಬೇರೆ’ಯ ಹಸಿರು ಬಟ್ಟೆಯ ಬಿಲ್ಲೆ ಹಾಗೇ ಇತ್ತು. ತೆಗೆದರೆ ಪೇಟೆಯಲ್ಲಿ ಮುಖ ಎತ್ತಿ ಓಡಾಡುವ ಹಾಗಿಲ್ಲ, ಮನೆಯಲ್ಲಿ ಹರೆಯದ ಮಕ್ಕಳು ಬಿಡುವುದಿಲ್ಲ. ಅಷ್ಟೇ ಅಲ್ಲ, ಅವರೆಲ್ಲ ಒಂದು ಕಾಲದಲ್ಲಿ ಅದನ್ನು ನಿಜವಾಗಿ ನಂಬಿದ್ದವರು. ಆ ಬಿಲ್ಲೆಗಳನ್ನು ಹೊಲಿದುಕೊಟ್ಟವಳು ಟೈಲರಕ್ಕನೇ.

ಮೇಸ್ತ್ರಿಯ ಬಿಲ್ಲೆಗೆ ಉಳಿದವರದ್ದಕ್ಕಿಂತ ತೂಕ ಹೆಚ್ಚು. ಇಪ್ಪತ್ತೆರಡನೇ ವಯಸ್ಸಿನಲ್ಲಿ ವರ್ಕ್‌ಶಾಪಿನ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಾಡಿನ ಬಾವುಟ ಕಟ್ಟಿ ಇಳಿದಿದ್ದ ಅವನು. ಮೂರು ವಾರ ಲಾಕಪ್ಪಿನಲ್ಲಿದ್ದ. ಬಾವುಟ ಹೊಲಿದದ್ದು ಯಾರು ಎಂದು ಪೊಲೀಸರು ಬಾರಿ ಬಾರಿ ಕೇಳಿದರು. ‘ನಾನೇ ಹೊಲಿದೆ’ ಎಂದ. ಸೂಜಿಗೆ ದಾರ ಪೋಣಿಸಲು ಬಾರದ ಕೈ ಅದು. ಹೊಲಿದದ್ದು ಪೇಟೆಯ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದ ಒಬ್ಬ ಹುಡುಗಿ. ಹೊರಗೆ ಬಂದ ತಿಂಗಳಿಗೆ ಅವಳನ್ನೇ ಮದುವೆಯಾದ.

ಓಟಿಗೆ ನಾಲ್ಕು ದಿನವಿದ್ದಾಗ, ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ, ಅವನೇ ಮಾತು ತೆಗೆದ.

“ನೋಡು, ನೀನು ‘ಜೊತೆ’ಗೆ ಹಾಕು.”

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. “ಯಾಕ್ರೀ ಹಾಗಂತೀರಿ?”

“ನಿನ್ನದು ಜೀವದ ಪ್ರಶ್ನೆ. ನೀನು ‘ಜೊತೆ’ಗೆ ಹಾಕಿದ್ರೆ ಯಾರೂ ತಪ್ಪು ತಿಳಿಯಲ್ಲ. ನಾನು ‘ಬೇರೆ’ಗೆ ಹಾಕ್ತೀನಿ. ನಾನು ಹಾಕದಿದ್ರೆ ಹೇಗೆ, ಹೇಳು?”

“ಹಾಗಾದ್ರೆ ನಿಮ್ಮದನ್ನ ನಾನು ಹೊಡೆದು ಹಾಕಿದಂಗಾಯ್ತಲ್ಲ. ಇಬ್ಬರೂ ಮನೇಲೇ ಕೂತ್ಕೊಂಡ್ರೂ ಒಂದೇ.”

“ಒಂದೇ ಅಲ್ಲ ಕಣೇ. ಹಾಕಿದೆ ಅಂತ ಒಂದು ಇರುತ್ತಲ್ಲ.”

ಅವಳು ನಕ್ಕಳು. “ಅದೂ ನಿಜ. ನೀವು ಹಾಕಬೇಕು. ಮೂವತ್ತೈದು ವರ್ಷ ನಿಮ್ಮ ಬಾಯಲ್ಲಿ ಅದೇ ಕೇಳ್ತಾ ಬಂದಿದೀನಿ.”

“ನೀನು?”

“ಹೂಂ ರೀ. ನೀವು ಹೇಳಿದಂಗೇ.”

ಓಟಿನ ದಿನ ಕಾಲೋನಿಯ ಶಾಲೆಯ ಒಂದು ಕೋಣೆಯೇ ಮತಗಟ್ಟೆ. ಅಲ್ಲಿಗೆ ಸೇರಿದವರು ಅರವತ್ತೇಳೇ ಜನ. ಪ್ರತಿಯೊಬ್ಬರಿಗೂ ಎರಡು ಚೀಟಿ, ಒಂದು ಲಕೋಟೆ ಕೊಡುತ್ತಿದ್ದರು. ಹಸಿರು ಚೀಟಿಯೆಂದರೆ ‘ಬೇರೆ’, ಬಿಳಿಯದೆಂದರೆ ‘ಜೊತೆ’. ಪರದೆಯ ಹಿಂದೆ ಹೋಗಿ, ಬೇಕಾದದ್ದನ್ನು ಲಕೋಟೆಗೆ ತುಂಬಿ, ಬೇಡವಾದದ್ದನ್ನು ಅಲ್ಲೇ ನೇತುಹಾಕಿದ್ದ ಗೋಣಿಚೀಲಕ್ಕೆ ಹಾಕಬೇಕು. ಹೊರಗೆ ಬಂದು ಲಕೋಟೆಯನ್ನು ಪೆಟ್ಟಿಗೆಗೆ ಬಿಡಬೇಕು.

ಪರದೆಯ ಹಿಂದೆ ಮೇಸ್ತ್ರಿ ಹಸಿರು ಚೀಟಿಯನ್ನೇ ಮೊದಲು ಕೈಗೆತ್ತಿಕೊಂಡ. ಅಷ್ಟು ಮಾತ್ರ ಸತ್ಯ, ಅದನ್ನು ಅವನ ಪರವಾಗಿ ಹೇಳಲೇಬೇಕು. ಲಕೋಟೆಯ ಬಾಯಿ ಬಿಡಿಸಿದ. ಆಗ ಅವನ ಕಣ್ಣೆದುರಿಗೆ ಬಂದದ್ದು ಷೆಡ್ಡಿನ ಗೋಡೆಯ ಒಂದು ಮೊಳೆ. ಅವನ ಸುತ್ತಿಗೆ ನೇತುಹಾಕುವ ಮೊಳೆ, ಅದರ ಕೆಳಗೆ ಬಣ್ಣದಲ್ಲಿ ಬರೆದ ‘ಕಿವಿ ಮೇಸ್ತ್ರಿ’. ವರ್ಕ್‌ಶಾಪು ಹೋದರೆ ಅದೂ ಹೋಯಿತು. ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಆಚೆ ದಡದಲ್ಲಿ ಯಂತ್ರಗಳೇ ತುಂಬಿರುವ ದೊಡ್ಡ ಷೆಡ್ಡು, ಅಲ್ಲಿ ಇವನ ಕಿವಿಯನ್ನು ಯಾರು ಕೇಳುತ್ತಾರೆ? ಈಚೆ ಉಳಿದರೆ ಕ್ವಾರ್ಟರ್ಸ್ ಬಿಟ್ಟು ಯಾರದೋ ಔಟ್‌ಹೌಸಿನಲ್ಲಿ ಬಾಡಿಗೆಗೆ ಕೂತ ಒಬ್ಬ ಮುದುಕ. ಹೊರಗೆ ಅಧಿಕಾರಿ ಕೆಮ್ಮಿದ. ಮೇಸ್ತ್ರಿ ಬಿಳಿಯ ಚೀಟಿಯನ್ನು ಲಕೋಟೆಗೆ ತುರುಕಿ, ಹಸಿರನ್ನು ಗೋಣಿಚೀಲದ ತಳದವರೆಗೆ ಕೈಯಿಳಿಸಿ ಬಿಟ್ಟು, ಹೊರಗೆ ಬಂದು ಪೆಟ್ಟಿಗೆಗೆ ಹಾಕಿದ.

ಹಾಕಿದ ಮೇಲೆ ತಲೆಯೆತ್ತಿದರೆ, ಹೆಂಗಸರ ಸಾಲಿನಲ್ಲಿ ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. ಊದಿದ ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಅವಳನ್ನು ಕಂಡದ್ದೇ ಅವನ ಎದೆ ಹಗುರಾಯಿತು. ಅಯ್ಯೋ, ಇವಳಿಗೋಸ್ಕರ ತಾನೇ ನಾನು ಹಾಕಿದ್ದು, ಅಂದುಕೊಂಡ. ಬೇಕಾದ ಕಾರಣ ಬೇಕಾದ ಹೊತ್ತಿಗೆ ಸಿಕ್ಕಿಬಿಟ್ಟಿತು. ಅದು ಒಂದೆರಡು ನಿಮಿಷ ತಡವಾಗಿ ಬಂದದ್ದನ್ನು ಅವನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ.

ಅವಳು ಹೊರಗೆ ಬಂದಾಗ ಕೇಳಿದ. “ಆಯ್ತಾ? ಹೇಳಿದಂಗೇ ತಾನೇ?”

“ಆಯ್ತು ರೀ.” ಕೈಚೀಲವನ್ನು ಎದೆಗವಚಿಕೊಂಡಿದ್ದಳು, ಮುಖದಲ್ಲಿ ಏನೋ ಗೆಲುವು. “ನಿಮ್ಮದು?”

“ಆಯ್ತು ಆಯ್ತು.”

ಇಬ್ಬರೂ ಮೆಲ್ಲಗೆ ಮನೆಗೆ ನಡೆದರು. ದಾರಿಯುದ್ದಕ್ಕೂ ಅವಳು ಅವನ ತೋಳು ಹಿಡಿದಿದ್ದಳು.

ಮರುದಿನ ಸಂಜೆ ಎಣಿಕೆ ಮುಗಿಯಿತು. ನಾಡಿನ ತುಂಬ ‘ಜೊತೆ’ ಸ್ವಲ್ಪದರಲ್ಲಿ ಗೆದ್ದಿತ್ತು. ಅದು ಹಾಗಿರಲಿ. ಮತಗಟ್ಟೆವಾರು ಪಟ್ಟಿಯನ್ನು ಆಯಾ ಶಾಲೆಯ ಬಾಗಿಲಿಗೆ ಅಂಟಿಸುವುದು ನಿಯಮವಾಗಿತ್ತು. ಗಾಲಿ ಕಾಲೋನಿಯ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಹೀಗಿತ್ತು: ಜೊತೆ, ಅರವತ್ತಾರು. ಬೇರೆ, ಒಂದು.

ಹಸಿರು ಬಿಲ್ಲೆ ಹಾಕಿಕೊಂಡವರೇ ಬಂದು ಆ ಕಾಗದವನ್ನು ನೋಡಿದರು. ಮುಖ ಹುಳ್ಳಗಾದದ್ದು ಒಂದೇ ಗಳಿಗೆ. ಆಮೇಲೆ ಕ್ಯಾಂಟೀನಿನಲ್ಲಿ ಬಾಯಿ ಬಂತು.

“ಆ ಒಂದು ನನ್ನದು ಕಣ್ರಪ್ಪಾ,” ಎಂದ ವೆಲ್ಡರ್, ಟೇಬಲ್ ಗುದ್ದಿ. “ನೀವೆಲ್ಲ ಹಿಂಗೆ ಕೈ ಕೊಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.”

“ನಿನ್ನದು? ಥೂ! ಅದು ನನ್ನದು,” ಎಂದ ಸ್ಟೋರಿನ ಗುಮಾಸ್ತ.

“ನಿಮ್ಮಿಬ್ಬರ ಮಾತೂ ಸುಳ್ಳು. ನನ್ನ ಹೆಂಡತಿ ಮೇಲಾಣೆ,” ಎಂದು ಕ್ರೇನ್ ಡ್ರೈವರ್ ಶುರು ಮಾಡಿದ. ಅವನ ಹೆಂಡತಿ ಹಿಂದಿನಿಂದ, “ನನ್ನ ಮೇಲೆ ಆಣೆಗೀಣೆ ಇಡಬೇಡಿ, ನಂಗೆ ಇನ್ನೂ ಬದುಕೋದಿದೆ,” ಎಂದಳು. ಒಂದು ಗಳಿಗೆ ಎಲ್ಲರೂ ನಕ್ಕರು.

ಅರ್ಧ ತಾಸಿನಲ್ಲಿ ಆ ಒಂದು ಓಟಿಗೆ ಮೂವತ್ತು ಜನ ವಾರಸುದಾರರು ಹುಟ್ಟಿದರು. ಕೊರಳಪಟ್ಟಿ ಹಿಡಿಯುವವರೆಗೂ ಹೋಯಿತು. ನಿಜ ಹೇಳಬೇಕೆಂದರೆ ಎಲ್ಲರಿಗೂ ಈ ಜಗಳದಿಂದ ಹೊರಗೆ ಬರುವ ಒಂದು ದಾರಿ ಬೇಕಾಗಿತ್ತು. ಆಗ ಫಿಟ್ಟರ್ ಮುದುಕ, ಮೂಲೆಯಲ್ಲಿ ಟೀ ಹಿಡಿದು ಕೂತವನು, ಮೇಸ್ತ್ರಿಯ ಕಡೆ ಕೈ ತೋರಿಸಿದ.

“ಯಾಕ್ರೋ ಒದರಾಡ್ತೀರಿ? ಟ್ಯಾಂಕಿನ ಮೇಲೆ ಬಾವುಟ ಕಟ್ಟಿದವನು ಇಲ್ಲೇ ಕೂತಿದಾನೆ. ಹೆಂಡತಿ ಜೀವ ಆ ದಡದಲ್ಲಿದ್ರೂ ಬೇರೆಗೆ ಹಾಕೋ ಎದೆ ಇನ್ಯಾರಿಗಿದೆ?”

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಆ ಓಟು ತಮ್ಮದಲ್ಲವೆಂದು ಒಬ್ಬೊಬ್ಬರಿಗೂ ಗೊತ್ತಿತ್ತು. ಹಾಗಾಗಿ ಅದು ಇವನದೇ ಇರಬೇಕೆಂದು ಎಲ್ಲರೂ ಮನಸಾರೆ ನಂಬಿದರು. ಮೇಸ್ತ್ರಿ ಬಾಯಿ ತೆರೆದ, ತಲೆ ತಗ್ಗಿಸಿದ. ಅದು ವಿನಯವೆಂದು ತಿಳಿದು ವೆಲ್ಡರ್ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟ. “ನಮ್ಮೆಲ್ಲರ ಮಾನ ಉಳಿಸಿದೆ ಅಣ್ಣಾ,” ಎಂದ. ಅಳು ಮಾತ್ರ ಅಪ್ಪಟವಾಗಿತ್ತು.

ಮನೆಗೆ ಹೋಗುವಷ್ಟರಲ್ಲಿ ಮೇಸ್ತ್ರಿಯ ಹೆಜ್ಜೆ ಬೇರೆಯಾಗಿತ್ತು. ಮನುಷ್ಯ ಎಂಥ ಪ್ರಾಣಿ ನೋಡಿ. ತನ್ನದಲ್ಲದ ಅಂಗಿಯನ್ನು ಹತ್ತು ನಿಮಿಷ ತೊಟ್ಟರೆ ಸಾಕು, ಅದರ ಜೇಬಿಗೆ ತಾನೇ ಕೈ ಹಾಕುತ್ತದೆ. ಬಾಗಿಲು ದಾಟುವಾಗ ಅವನಿಗೆ ನಿಜವಾಗಿಯೂ ತಾನೇ ಹಸಿರು ಚೀಟಿ ಹಾಕಿದ ಹಾಗೆ ಅನಿಸುತ್ತಿತ್ತು. ಮೊದಲು ಕೈಗೆತ್ತಿಕೊಂಡದ್ದಂತೂ ಹಸಿರನ್ನೇ ಅಲ್ಲವೇ!

ಅವಳು ಮಷಿನ್ನಿನ ಮುಂದೆ ಕೂತಿದ್ದಳು. ತೊಡೆಯ ಮೇಲೆ ಆಸ್ಪತ್ರೆಯ ನೀಲಿ ಪುಸ್ತಕ, ಅದರೊಳಗೆ ಏನನ್ನೋ ಹುಡುಕುತ್ತಿದ್ದ ಬೆರಳು. ಇವನನ್ನು ಕಂಡದ್ದೇ ಮುಖ ಅರಳಿತು.

“ರೀ, ಬನ್ನಿ ಬನ್ನಿ, ನಿಮಗೊಂದು ತೋರಿಸ್ಬೇಕು…”

“ಅದಿರಲಿ, ಕೇಳಿದ್ಯಾ? ಇಡೀ ಕಾಲೋನಿಯಲ್ಲಿ ‘ಬೇರೆ’ಗೆ ಬಿದ್ದಿದ್ದು ಒಂದೇ ಓಟು. ಒಂದೇ! ಅದು ನನ್ನದು.”

ಅವಳ ಬೆರಳು ಪುಸ್ತಕದೊಳಗೇ ನಿಂತಿತು.

“ಹೌದಾ,” ಎಂದಳು.

“ಕ್ಯಾಂಟೀನಲ್ಲಿ ನೋಡಬೇಕಿತ್ತು ನೀನು. ವೆಲ್ಡರ್ ಅತ್ತೇಬಿಟ್ಟ.”

“ನೀವೇನಾ ರೀ? ನಿಜವಾಗ್ಲೂ ನೀವೇನಾ?”

“ಮತ್ತಿನ್ಯಾರು?”

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ ಕೈಚೀಲಕ್ಕೆ ಇಟ್ಟಳು. “ಒಳ್ಳೇದಾಯ್ತು. ಕೈಕಾಲು ತೊಳ್ಕೊಂಡು ಬನ್ನಿ, ಊಟ ಬಡಿಸ್ತೀನಿ,” ಎಂದಳು.

“ಏನೋ ತೋರಿಸ್ತೀನಿ ಅಂದ್ಯಲ್ಲ?”

“ಏನಿಲ್ಲ. ಡಾಕ್ಟರು ಬರೆದದ್ದು. ನಾಳಿದ್ದು ಹೋದಾಗ ನೋಡಿದ್ರಾಯ್ತು.”

ಕಬ್ಬಿಣದೊಳಗಿನ ಬಿರುಕನ್ನು ಕೇಳುವ ಕಿವಿಗೆ ಆ ‘ಒಳ್ಳೇದಾಯ್ತು’ ಕೇಳಿಸಲಿಲ್ಲ ಎನ್ನಲಾರೆ. ಕೇಳಿಸಿತು. ಪಾಪ, ನಾಡು ಸೋತದ್ದಕ್ಕೆ ಬೇಜಾರಾಗಿದ್ದಾಳೆ ಎಂದುಕೊಂಡು ಅವನು ಕೈಕಾಲು ತೊಳೆಯಲು ಹೋದ.

ಮೂರನೆಯ ದಿನ ಆಸ್ಪತ್ರೆ. ಕಿಟಕಿಯ ಹಿಂದಿನ ಗುಮಾಸ್ತೆ ದಪ್ಪ ಕನ್ನಡಕದ ಹೆಂಗಸು, ಎರಡು ವರ್ಷದಿಂದ ಇವರನ್ನು ಬಲ್ಲವಳು. ಮೇಸ್ತ್ರಿ ನೀಲಿ ಪುಸ್ತಕ ಕೊಟ್ಟ. ಅವಳು ಸೀಲು ಹೊಡೆಯಲು ಹಾಳೆ ತಿರುವಿದಾಗ ನಡುವಿನಿಂದ ಒಂದು ಕಾಗದ ಜಾರಿ ಕಟ್ಟೆಯ ಮೇಲೆ ಬಿತ್ತು. ಬಿಳಿಯ ಚೀಟಿ. ‘ಜೊತೆ’ ಎಂದು ಅಚ್ಚಾಗಿತ್ತು. ಹಿಂದೆ ಮತಗಟ್ಟೆಯ ನೇರಳೆ ಮುದ್ರೆ.

“ಇದೇನು ಮೇಸ್ತ್ರಿಗಳೇ, ಓಟಿನ ಚೀಟಿ ಇಲ್ಲಿ?”

ಮೇಸ್ತ್ರಿ ಚೀಟಿಯನ್ನು ನೋಡಿದ. ಬೇಡವಾದದ್ದು ಗೋಣಿಚೀಲಕ್ಕೆ, ಬೇಕಾದದ್ದು ಲಕೋಟೆಗೆ. ಬಿಳಿಯದು ಇಲ್ಲಿ ಬಿದ್ದಿದೆಯೆಂದರೆ ಲಕೋಟೆಗೆ ಹೋದದ್ದು ಹಸಿರು. ಇಡೀ ಪೆಟ್ಟಿಗೆಯಲ್ಲಿ ಹಸಿರು ಇದ್ದದ್ದು ಒಂದು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದ. ಅವಳು ಎದ್ದು ಬಂದು, ಚೀಟಿಯನ್ನು ತಾನೇ ಎತ್ತಿಕೊಂಡು, ಪುಸ್ತಕದ ನಡುವೆ ಇಟ್ಟಳು.

“ಪುಟದ ಗುರುತಿಗೆ ಇಟ್ಕೊಂಡಿದ್ದೆ ಅಕ್ಕಾ,” ಎಂದಳು ಗುಮಾಸ್ತೆಗೆ. “ಸೀಲು ಹಾಕಿ, ತಡವಾಗುತ್ತೆ.”

ನಾಲ್ಕು ತಾಸು ಅವಳ ರಕ್ತ ಯಂತ್ರದೊಳಗೆ ಹೋಗಿ ಬಂತು. ಮೇಸ್ತ್ರಿ ಹೊರಗಿನ ಕಾರಿಡಾರಿನಲ್ಲಿ ಕೂತಿದ್ದ. ಎರಡು ಸಲ ಕೇಳಿದ್ದಳು ಎಂಬುದು ಅವನಿಗೆ ಹೊಳೆದದ್ದು ಅಲ್ಲಿ. ‘ನೀವೇನಾ ರೀ? ನಿಜವಾಗ್ಲೂ ನೀವೇನಾ?’ ಮೂವತ್ತೈದು ವರ್ಷ ಅವನ ಜೊತೆ ಬಾಳಿದವಳು, ಅವನದೇ ರೀತಿಯಲ್ಲಿ ಎರಡು ಸಲ ಬಡಿದು ನೋಡಿದ್ದಳು. ಎರಡು ಏಟಿಗೂ ಅವನಿಂದ ಬಂದದ್ದು ಒಂದೇ ಸದ್ದು, ಬಿರುಕಿನದು.

ವಾಪಸು ಬರುವ ಗಾಡಿಯಲ್ಲಿ ಎದುರಿನ ಸೀಟು ಖಾಲಿಯಿತ್ತು. ಗಾಡಿ ಸೇತುವೆ ಹತ್ತಿತು.

“ಅದು ನನ್ನದಲ್ಲ,” ಎಂದ ಕೊನೆಗೆ.

“ಗೊತ್ತು.”

“ನೀನ್ಯಾಕೆ ಹಂಗೆ ಮಾಡಿದೆ? ಹೂಂ ಅಂದಿದ್ದೆ ನನಗೆ. ನಿನ್ನ ಜೀವದ ಮೇಲೆ ನಿನಗೆ ಆಸೆ ಇಲ್ವಾ?”

“ಇಲ್ದೆ ಏನು? ಇದೆ.” ಸೂಜಿ ಚುಚ್ಚಿದ ತೋಳನ್ನು ಅವಳು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. “ಪರದೆ ಹಿಂದೆ ನಿಂತಾಗ ಬಿಳೀದನ್ನೇ ತಗೊಂಡೆ. ಆಮೇಲೆ ಅನಿಸ್ತು, ಈ ಮನುಷ್ಯ ಇಡೀ ಜನ್ಮ ಕಾದಿದ್ದು ಈ ಒಂದು ಓಟಿಗೆ. ಅದನ್ನ ನಾನೇ ಹೊಡೆದು ಹಾಕಲಾ? ನಾನು ಇನ್ನೆಷ್ಟು ದಿನ ಇರ್ತೀನಿ? ಅಷ್ಟಕ್ಕೋಸ್ಕರ? ಆಗಲಿಲ್ಲ ರೀ. ನಿಮ್ಮದೂ ನನ್ನದೂ ಸೇರಿ ಎರಡಾಗ್ಲಿ ಅಂತ ಹಸಿರು ಹಾಕ್ದೆ. ಬಿಳೀದನ್ನ ನಿಮಗೆ ತೋರಿಸೋಣ ಅಂತ ಕದ್ದು ತಂದೆ. ನೀವು ಖುಷಿ ಪಡ್ತೀರಿ ಅಂತ.”

ಸೇತುವೆಯ ಕಂಬಿಗಳು ಒಂದೊಂದಾಗಿ ಕಿಟಕಿಯಲ್ಲಿ ಹಾದುಹೋದವು.

“ಆವತ್ತೇ ಹೇಳಬಹುದಿತ್ತಲ್ಲ.”

“ಅಷ್ಟು ಖುಷಿಯಾಗಿ ಬಂದಿದ್ರಿ ನೀವು. ಹೆಂಗೆ ಹೇಳಲಿ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಲಾಕಪ್ಪಿನಲ್ಲಿ ನನ್ನ ಬಾವುಟಾನ ನಿಮ್ಮದು ಅಂದ್ರಿ. ಪೊಲೀಸರು ನನ್ನ ಹತ್ರ ಬರಬಾರದು ಅಂತ. ಆ ಒಂದು ಮಾತಿಗೆ ನಾನು ನಿಮ್ಮನ್ನ ಕಟ್ಕೊಂಡೆ. ಈ ಸಲಾನೂ ನನ್ನದನ್ನ ನಿಮ್ಮದು ಅಂದ್ರಿ. ಯಾರನ್ನ ಉಳಿಸೋಕೆ ರೀ?”

ಅವನು ಸೀಟಿನ ಮೇಲಿದ್ದ ಅವಳ ಕೈಚೀಲವನ್ನು ತನ್ನ ಕಡೆಗೆ ಸರಿಸಿಕೊಂಡ.

“ಹೋಗ್ಲಿ. ಬಿಳೀದು ಹಾಕಿದ್ರಲ್ಲ, ಅದರ ಬಗ್ಗೆ ನಂಗೆ ಬೇಜಾರಿಲ್ಲ. ಎಲ್ಲರೂ ಹಾಕಿದಾರೆ, ಎಲ್ಲರಿಗೂ ಹೊಟ್ಟೆ ಇದೆ. ಒಂದೇ ಒಂದು ಕೇಳ್ತೀನಿ. ನನಗೋಸ್ಕರ ಹಾಕಿದ್ರಾ?”

ಷೆಡ್ಡಿನ ಗೋಡೆಯ ಮೊಳೆ ಅವನ ಕಣ್ಣಿಗೆ ಬಂತು. ಗೋಡೆ ಹಿಡಿದು ನಿಂತ ಅವಳೂ ಬಂದಳು. ಯಾವುದು ಮೊದಲು ಬಂದಿತ್ತು, ಯಾವುದು ಆಮೇಲೆ ಬಂದಿತ್ತು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಹೂಂ,” ಎಂದ.

ತನ್ನ ದನಿ ಠಪ್ಪೆಂದು ಸತ್ತದ್ದು ಅವನಿಗೇ ಕೇಳಿಸಿತು. ಅವಳು ಎರಡನೆಯ ಸಲ ಕೇಳಲಿಲ್ಲ.

ಅದಾದ ಮೇಲೆ ಅವಳು ಹನ್ನೊಂದು ತಿಂಗಳು ಬದುಕಿದಳು. ಜಗಳವಿಲ್ಲ, ಮುನಿಸಿಲ್ಲ. ಅವನಿಗೆ ಇಷ್ಟವಾದ ಅಡುಗೆ ಮಾಡುತ್ತಿದ್ದಳು, ಅಂಗಿಯ ಗುಂಡಿ ಕಿತ್ತುಹೋದರೆ ಹೇಳುವ ಮೊದಲೇ ಹಾಕಿಡುತ್ತಿದ್ದಳು. ಒಂದು ಮಾತ್ರ ನಿಂತುಹೋಯಿತು. ಮದುವೆಯಾದಾಗಿನಿಂದ ಪ್ರತಿದಿನ ಸಂಜೆ, ಅವನು ಚಪ್ಪಲಿ ಬಿಡುವ ಮೊದಲೇ, “ಇವತ್ತು ಎಷ್ಟು ಗಾಲಿ ಸಿಕ್ಕಿಬಿತ್ತು ರೀ?” ಎಂದು ಕೇಳುತ್ತಿದ್ದಳು. ಅವನು ಎರಡೋ ಮೂರೋ ಹೇಳಿ, ಯಾವುದು ಹೇಗೆ ಸದ್ದು ಮಾಡಿತೆಂದು ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ಅದನ್ನು ಅವಳು ಮತ್ತೆ ಕೇಳಲಿಲ್ಲ. ಕೆಲವು ಸಂಜೆ ಅವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕಾಯುತ್ತಿದ್ದ. “ಯಾಕೆ ನಿಂತ್ರಿ, ಒಳಗೆ ಬನ್ನಿ,” ಎನ್ನುತ್ತಿದ್ದಳು.

ಸತ್ಯವನ್ನು ಕಾಲೋನಿಗೆ ಹೇಳಿಬಿಡುತ್ತೇನೆಂದು ಒಮ್ಮೆ ಅವನೇ ಅಂದ. “ಈಗ ಬೇಡ ಬಿಡಿ,” ಎಂದಳು. “ನಾನಿರೋವರೆಗೆ ನಿಮ್ಮನ್ನ ಯಾರೂ ಆಡ್ಕೊಳ್ಳೋದು ನಂಗೆ ನೋಡೋಕಾಗಲ್ಲ.” ಅವನಿಗೆ ಅದು ಯಾವ ಬೈಗುಳಕ್ಕಿಂತಲೂ ಹೆಚ್ಚು ತಾಗಿತು. ಬೇಡ ಎಂದದ್ದು ಒಳಗೊಳಗೆ ಸಮಾಧಾನವನ್ನೂ ಕೊಟ್ಟಿತು ಎನ್ನುವುದು ಇನ್ನೂ ಹೆಚ್ಚು ತಾಗಿತು.

ಅವಳು ಹೋದದ್ದು ಒಂದು ಮಧ್ಯಾಹ್ನ, ಆಚೆ ದಡದ ಆಸ್ಪತ್ರೆಯ ಅದೇ ಹಾಸಿಗೆಯಲ್ಲಿ, ಯಂತ್ರ ಓಡುತ್ತಿರುವಾಗಲೇ. ಕೊನೆಯ ಸಲ ಕಳಿಸಿಕೊಡುವಾಗ ಮೇಸ್ತ್ರಿ ನೀಲಿ ಪುಸ್ತಕದಿಂದ ಆ ಬಿಳಿ ಚೀಟಿ ತೆಗೆದು, ನಾಲ್ಕು ಮಡಿಕೆ ಮಾಡಿ, ಅವಳ ಮುಷ್ಟಿಯೊಳಗಿಟ್ಟ. ಅದು ಅವಳದು, ಅವಳ ಜೊತೆಗೇ ಹೋಗಲಿ ಎಂದು.

ವಾರದ ಮೇಲೆ ಕ್ಯಾಂಟೀನಿನಲ್ಲಿ ಸಂತಾಪ ಸಭೆ. ಕಾಲೋನಿಗೆ ಕಾಲೋನಿಯೇ ಬಂದಿತ್ತು. ಕ್ರೇನ್ ಡ್ರೈವರನ ಹೆಂಡತಿ ತನ್ನ ಮೂರು ಮಕ್ಕಳ ಮೊದಲ ಅಂಗಿಗಳನ್ನು ನೆನೆದು ಮಾತು ಮುಂದುವರಿಸಲಾರದೆ ಕೂತಳು. ಆಮೇಲೆ ವೆಲ್ಡರ್ ಎದ್ದ. “ನಮ್ಮ ಒಂದೋಟಿನಣ್ಣ ಅಷ್ಟು ದೊಡ್ಡ ಮನುಷ್ಯನಾಗಿದ್ದಕ್ಕೆ ಹಿಂದೆ ಟೈಲರಕ್ಕ ಇದ್ರು. ತನ್ನ ಜೀವ ಹೋದ್ರೂ ಚಿಂತೆಯಿಲ್ಲ, ಗಂಡ ತನ್ನ ಮಾತಿಗೆ ತಪ್ಪಬಾರದು ಅಂತ ಅವರನ್ನ ಓಟಿಗೆ ಕಳಿಸಿಕೊಟ್ಟ ತಾಯಿ ಅದು,” ಎಂದ.

ಮೇಸ್ತ್ರಿ ಎದ್ದು ನಿಂತ.

“ನಂದೊಂದು ಮಾತಿದೆ. ಆ ಒಂದು ಓಟು ನನ್ನದಲ್ಲ. ಅವಳದು. ನಾನು ನಿಮ್ಮೆಲ್ಲರ ಹಾಗೇ ‘ಜೊತೆ’ಗೆ ಹಾಕ್ದೆ. ಅವಳೊಬ್ಬಳೇ ‘ಬೇರೆ’ಗೆ ಹಾಕಿದ್ದು. ಅವಳದನ್ನ ನಾನು ನನ್ನದು ಅಂದೆ.”

ಮೇಸ್ತ್ರಿ ಕಾದ. ಬೈಯಲಿ, ಉಗಿಯಲಿ, ಎದ್ದು ಹೋಗಲಿ, ಯಾವುದಾದರೂ ಸರಿ ಎಂದು ಕಾದ. ಮೂಲೆಯಿಂದ ಫಿಟ್ಟರ್ ಮುದುಕ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟ.

“ನೋಡ್ರಪ್ಪಾ, ಗಂಡ ಅಂದ್ರೆ ಹಿಂಗಿರಬೇಕು,” ಎಂದ ಸಭೆಗೆ. “ತನ್ನ ಹತ್ರ ಇದ್ದ ಒಂದೇ ಒಂದು ಹೆಸರು. ಅದನ್ನೂ ಹೆಂಡತಿಗೆ ಕೊಟ್ಟು ಕಳಿಸ್ತಿದಾನೆ.”

ವೆಲ್ಡರ್ ಮೊದಲು ಚಪ್ಪಾಳೆ ತಟ್ಟಿದ. ಸಂತಾಪ ಸಭೆ ಎನ್ನುವುದನ್ನೂ ಮರೆತು ಎಲ್ಲರೂ ತಟ್ಟಿದರು, ಅಳುತ್ತಲೇ ತಟ್ಟಿದರು.

ಚಪ್ಪಾಳೆ ನಿಲ್ಲುವವರೆಗೆ ಮೇಸ್ತ್ರಿ ಅಲ್ಲೇ ನಿಂತಿದ್ದ. ನಿಂತ ಮೇಲೆ ಇನ್ನೊಂದು ಸಲ, ಇದ್ದಬದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದ.

“ಅವಳದ್ದು ಕಣ್ರೋ. ನಿಜವಾಗ್ಲೂ ಅವಳದ್ದು.”

ಮತ್ತೆ ಚಪ್ಪಾಳೆ ಬಿತ್ತು.